ಎಲ್ಲದಕ್ಕೂ ಹೌದು

ನಮ್ಮ ಭಾವನಿಗೆ ಪ್ರಶ್ನೆ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಕೇಳಿದ್ದು ಹೆಂಡತಿಯಾದರೂ ಅಷ್ಟೇ, ಕಂಪ್ಯೂಟರಾದರೂ ಅಷ್ಟೇ. ಎದುರಿಗೆ ಬಹುವಚನ ಕೊಡುತ್ತೇನೆ, ಇಲ್ಲಿ ಕೊಡುವುದಿಲ್ಲ.

ಗಂಟಲಿನ ಆಪರೇಷನ್ ಆದಮೇಲೆ ಅಕ್ಕನಿಗೆ ದನಿ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ಅವಳು ದಿನಾ ಸಂಜೆ ರೆಕಾರ್ಡರಿನ ಮುಂದೆ ಕೂತು ಗಟ್ಟಿಯಾಗಿ ಓದಿದಳು. ಆ ರೆಕಾರ್ಡಿಂಗುಗಳನ್ನೆಲ್ಲ ಫೋನಿನ ಒಂದು ಆ್ಯಪಿಗೆ ತುಂಬಿಸಿದರೆ, ಮುಂದೆ ಅವಳು ಟೈಪ್ ಮಾಡಿದ್ದನ್ನು ಫೋನು ಅವಳದೇ ದನಿಯಲ್ಲಿ ಆಡುತ್ತಿತ್ತು. ಆದರೆ ಆ ದರಿದ್ರ ರೆಕಾರ್ಡರು ದಿನಕ್ಕೊಂದು ಫೋಲ್ಡರು ಮಾಡಿ, ಒಳಗಿನ ಫೈಲಿಗೆ ಪ್ರತಿದಿನವೂ ಅದೇ ಹೆಸರಿಡುತ್ತಿತ್ತು.

ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸಾಗಿಸಲು ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದುಕೊಟ್ಟೆ. "ಇದೇ ಹೆಸರಿನ ಫೈಲಿದೆ, ಅದರ ಮೇಲೇ ಬರೆಯಲೇ?" ಎಂದು ಕಂಪ್ಯೂಟರ್ ಕೇಳಿದರೆ, ಸ್ಕ್ರಿಪ್ಟು ತಾನೇ "ಬೇಡ" ಎಂದು ಉತ್ತರಿಸಿ ಫೈಲಿಗೆ ಹೊಸ ಹೆಸರು ಕೊಡುತ್ತಿತ್ತು. ಗೊತ್ತಿಲ್ಲದ ಪ್ರಶ್ನೆ ಬಂದರೆ ಮಾತ್ರ ನಿಂತು ಕಾಯುತ್ತಿತ್ತು. ಅದನ್ನು ಓಡಿಸುವುದಷ್ಟೇ ಭಾವನ ಪಾಲಿನ ಕೆಲಸ. ನಾನು ಆಸ್ಪತ್ರೆಯಲ್ಲಿ ಅಕ್ಕನ ಪಕ್ಕ ಇದ್ದೆ.

ಮನೆಗೆ ಬಂದಾಗ ಫೋಲ್ಡರಿನಲ್ಲಿ ಇದ್ದದ್ದು ಒಂದೇ ಫೈಲು.

"ಏನ್ ಮಾಡಿದ್ರಿ ಭಾವ?"

"ನಿನ್ನ ಸ್ಕ್ರಿಪ್ಟು ಶುರುವಲ್ಲೇ ಏನೋ ಕೇಳ್ತಾ ನಿಂತ್ಕೊಂಡ್‌ಬಿಡ್ತು. ಯಾರು ಕಾಯ್ತಾರೆ? ನಿನ್ನ ಉತ್ತರಗಳನ್ನೆಲ್ಲ ಕಿತ್ತಾಕಿ, ಎಲ್ಲದಕ್ಕೂ ಹೌದು ಅನ್ನೋ ಒಂದೇ ಸಾಲು ಹಾಕ್ದೆ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮುಗೀತು."

ಮುಗಿದೇ ಹೋಗಿತ್ತು. ಪ್ರತಿ ಸಂಜೆಯ ಮೇಲೂ ಮರುದಿನದ ಸಂಜೆ ಕೂತಿತ್ತು. ಸಾಗಿಸಿದ್ದರಿಂದ ಮೂಲ ಫೋಲ್ಡರುಗಳೂ ಖಾಲಿ. ಡಿಸ್ಕ್ ರಿಪೇರಿಯವನೂ ಕೈಚೆಲ್ಲಿದ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಕ್ಕನ ಮುಖ ನೆನೆದು ಸುಮ್ಮನಾದೆ.

ಅಕ್ಕ ಕೊರಳಿಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದಳು. ಉಳಿದ ಫೈಲನ್ನು ಹಾಕಿ ಕೇಳಿಸಿದೆ. ಅದು ಕೊನೆಯ ಸಂಜೆಯದು. ಅವತ್ತು ಭಾವ ಪಕ್ಕದಲ್ಲೇ ಕೂತು ಅವಳಿಗೆ ಓದಲು ಬಿಟ್ಟಿರಲಿಲ್ಲ.

"ಎಷ್ಟ್ ಹೊತ್ತು? ಸಾಕಲ್ವಾ? ಊಟಕ್ಕೆ ಏಳ್ತೀಯಾ ಇಲ್ವಾ?" ಇದು ಅವನ ದನಿ.

"ಹೂಂ. ಆಯ್ತು. ಹೂಂ." ಇಷ್ಟೇ ಅಕ್ಕನದು.

ಅವಳು ಇನ್ನೊಮ್ಮೆ ಹಾಕಿಸಿ ಕೇಳಿದಳು. ಭಾವ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.

"ಬೇಕೂಂತ ಮಾಡಿದ್ನಾ? ಏನೋ ಆಗೋಯ್ತು. ಇನ್ನು ಇದನ್ನೇ ಹಿಡ್ಕೊಂಡು ಕೂತ್ಕೋಬೇಡ. ಬಿಟ್ಬಿಡೋಣ, ಆಯ್ತಾ?"

ಉತ್ತರ ಗೊತ್ತಿರುವವನ ಹಾಗೆ ಆಗಲೇ ಅರ್ಧ ಎದ್ದಿದ್ದ. ಅಕ್ಕ ಫೋನು ತೆಗೆದುಕೊಂಡು ಟೈಪ್ ಮಾಡಿ, ಅದನ್ನು ಅವನ ಮುಖಕ್ಕೆ ಹಿಡಿದಳು.

"ಇಲ್ಲ," ಎಂದಿತು ಫೋನು, ಯಾರೋ ಗುರುತಿಲ್ಲದ ಹೆಂಗಸಿನ ದನಿಯಲ್ಲಿ.