ಬಣ್ಣ ಹಚ್ಚದ ಮುಖ

“ಈ ಕರಡೀನೂ ತೆಗಿ,” ಎಂದಳು ಟ್ರೂಸ್, ಮಗಳ ಲ್ಯಾಪ್‌ಟಾಪಿನ ಪರದೆಗೆ ಬೆರಳು ತಾಗಿಸಿ. “ಕೋಳಿ ವೇಷಾನೂ. ಆ ಸನ್ಯಾಸಿನಿ ವೇಷ ಅಂತೂ ಮೊದಲು ತೆಗಿ.”

ಮಾರ್ಲೀಸ್ ಒಂದೊಂದೇ ಅಳಿಸುತ್ತ ಹೋದಳು. ಮಧ್ಯಾಹ್ನ ಅಪ್ಪ ವೀಲ್‌ನ ಅಂತ್ಯಕ್ರಿಯೆ. ಚಿತಾಗಾರದ ಸಭಾಂಗಣದಲ್ಲಿ ಅವನ ಫೋಟೋಗಳನ್ನು ಹಾಡಿನ ಜೊತೆ ತೋರಿಸಬೇಕಿತ್ತು. ಆದರೆ ಈ ಮನೆಯಲ್ಲಿ ಕ್ಯಾಮೆರಾ ಹೊರಬರುತ್ತಿದ್ದದ್ದೇ ಕಾರ್ನಿವಾಲ್ ಎಂಬ ವೇಷದ ಹಬ್ಬಕ್ಕೆ. ವೀಲ್ ವರ್ಷವಿಡೀ ಹೆಂಚಿನ ಕಾರ್ಖಾನೆಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ದುಡಿದವನು, ಟ್ರೂಸ್‌ಳ ಹಾಸಿಗೆ ಹಿಡಿದ ತಾಯಿಯನ್ನು ಮಗುವಿನಂತೆ ನೋಡಿಕೊಂಡವನು. ಅದರ ಫೋಟೋ ಯಾರೂ ತೆಗೆಯಲಿಲ್ಲ. ಈಸ್ಟರ್ ಉಪವಾಸ ಶುರುವಾಗುವ ಮುಂಚಿನ ಆ ಕೆಲವು ದಿನ ಮಾತ್ರ ಮುಖಕ್ಕೆ ಬಣ್ಣ ಬಳಿದು ಬೀದಿಗಿಳಿಯುತ್ತಿದ್ದ. ಆಲ್ಬಮ್ ತುಂಬ ಅದೇ.

“ಹಿಂಗೇ ತೆಗೀತಾ ಹೋದ್ರೆ, ಅಪ್ಪ ಮದುವೆ ಆದ, ಪಾಸ್‌ಪೋರ್ಟ್ ಮಾಡಿಸ್ದ, ಸತ್ತ, ಅಷ್ಟೇ ಆಗತ್ತಮ್ಮ.”

“ಆಗ್ಲಿ. ನಿನ್ನ ಅತ್ತೆ ಬರ್ತಾರೆ.”

ಅತ್ತೆ ಎಂದರೆ ಫೀನ್, ವೀಲ್‌ನ ಅಕ್ಕ. ಉತ್ತರದ ಊರೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಮದುವೆಯ ಊಟದಲ್ಲೇ ತಮ್ಮನನ್ನು “ನಮ್ಮನೆ ಕೋಡಂಗಿ” ಎಂದು ಪರಿಚಯಿಸಿದ್ದಳು, ಆಮೇಲೂ ಬಿಡಲಿಲ್ಲ. ಇವತ್ತೊಂದು ದಿನವಾದರೂ ಅವಳ ಕಣ್ಣಿಗೆ ತನ್ನ ಗಂಡ ಗಂಭೀರ ಮನುಷ್ಯನಾಗಿ ಕಾಣಬೇಕು ಎಂಬುದು ಟ್ರೂಸ್‌ಳ ಹಟ. ಹಾಡಿನ ವಿಷಯದಲ್ಲಿ ಮಾತ್ರ ಮಗಳು ಜಗ್ಗಲಿಲ್ಲ. ತನ್ನ ಕಾರ್ನಿವಾಲ್ ಮೇಳದವರ ಕುಣಿತದ ಹಾಡೇ ಬೇಕೆಂದು ಅಪ್ಪ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿದ್ದ. ಕೊನೆಗೆ ಹಾಡು ಅಪ್ಪನಿಷ್ಟದ್ದು, ಫೋಟೋ ಅಮ್ಮನಿಷ್ಟದ್ದು ಎಂದು ರಾಜಿಯಾಯಿತು.

*

ಟ್ರೂಸ್ ವೀಲ್‌ನನ್ನು ಮೊದಲು ಕಂಡಾಗ ಅವನು ಕರಡಿಯಾಗಿದ್ದ. ಯಾರು, ಎತ್ತ ಎಂದು ತಿಳಿಯದೆ ಸಂಜೆಯಿಡೀ ಆ ಕರಡಿಯ ಜೊತೆ ಕುಣಿದಿದ್ದಳು. ಕೊನೆಗೆ ಕರಡಿ ತಲೆ ಕಳಚಿತು. ಒಳಗಿದ್ದದ್ದು ಬೀಟ್‌ರೂಟಿನಂತೆ ಕೆಂಪಾದ ಮುಖ, ಬೆವರಿಗೆ ಅಂಟಿದ ಕೂದಲು.

“ಇಷ್ಟೇನಾ?” ಎಂದಳು.

“ಇಷ್ಟೇ. ಬೇಡಾಂದ್ರೆ ತಲೆ ವಾಪಸ್ ಹಾಕ್ಕೋತೀನಿ.”

ಹೊಟ್ಟೆ ಹುಣ್ಣಾಗುವಷ್ಟು ನಕ್ಕವಳಿಗೆ ಬೇಡ ಎನ್ನಲು ಆಗಲೇ ಇಲ್ಲ.

*

ಸಭಾಂಗಣ ತುಂಬಿತ್ತು. ಮೇಳದವರು ಕಪ್ಪು ಕೋಟು ತೊಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುಂದಿನ ಬೆಂಚಿನಲ್ಲಿ, ಟ್ರೂಸ್‌ಳ ಪಕ್ಕದಲ್ಲೇ, ಫೀನ್ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಅಕಾರ್ಡಿಯನ್ ಶುರುವಾಯಿತು. ಪರದೆಯ ಮೇಲೆ ನಾಮಕರಣದ ವೀಲ್ ಬಂದ, ಮದುವೆಯ ವೀಲ್ ಬಂದ, ಪಾಸ್‌ಪೋರ್ಟಿನವನು, ಕಾರ್ಖಾನೆಯ ಸಮಾರಂಭದಲ್ಲಿ ಟೈ ಕಟ್ಟಿ ಉಸಿರುಗಟ್ಟಿದವನು. ಅಲ್ಲಿಗೆ ಪರದೆ ಬೆಳ್ಳಗಾಯಿತು.

ಹಾಡು ಮಾತ್ರ ಇನ್ನೂ ಮೊದಲ ಚರಣ ದಾಟಿರಲಿಲ್ಲ. ಫೋಟೋ ಅಳಿಸುವ ಭರದಲ್ಲಿ ಹಾಡಿನ ಉದ್ದ ತಾಯಿಗೂ ನೆನಪಾಗಿರಲಿಲ್ಲ, ಮಗಳಿಗೂ ಹೊಳೆದಿರಲಿಲ್ಲ.

ಟ್ರೂಸ್‌ಗೆ ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು. ನಗುತ್ತಿದ್ದ ಮನುಷ್ಯನನ್ನು ತಾನೇ ಕೈಯಾರೆ ಒರೆಸಿಹಾಕಿದೆನಲ್ಲ ಎನಿಸಿತು.

ಫೀನ್ ಬಾಗಿ ಪಿಸುಗುಟ್ಟಿದಳು. “ಉಳಿದವೆಲ್ಲಿ?”

“ಯಾವುದು ಅತ್ತಿಗೆ?”

“ವೇಷದ್ದು. ವರ್ಷಾ ವರ್ಷಾ ನಂಗೊಂದು ಕಳಿಸ್ತಿದ್ದ. ಫ್ರಿಜ್ಜಿನ ಬಾಗಿಲಲ್ಲಿ ಅಂಟಿಸೋಕೆ ಜಾಗಾನೇ ಇಲ್ಲ. ಇವತ್ತು ದೊಡ್ಡದಾಗಿ ನೋಡ್ಬೋದು ಅಂತ ಬಂದೆ.”

“ಕೋಡಂಗಿ ಅಂತಿದ್ರಲ್ಲ ನೀವು.”

“ಮತ್ತೇನನ್ಲಿ, ಟ್ರೂಸ್? ನಮ್ಮನೇಲಿ ನಗಿಸೋನು ಅಂತ ಇದ್ದಿದ್ದು ಅವನೊಬ್ನೇ.”

ಅಷ್ಟರಲ್ಲಿ ಪಲ್ಲವಿ ಬಂತು. ಈ ಪಲ್ಲವಿ ಬಂದಾಗ ಏನು ಮಾಡಬೇಕೆಂದು ಈ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದಿನ ಸಾಲಿನಲ್ಲಿ ತೋಳಿಗೆ ತೋಳು ಕೂಡಿತು, ಕಪ್ಪು ಕೋಟುಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲತೊಡಗಿದವು. ಅದು ಸಾಲಿನಿಂದ ಸಾಲಿಗೆ ಮುಂದೆ ಬಂತು. ಟ್ರೂಸ್‌ಳ ಕಂಕುಳಿಗೆ ಒಂದು ಮೊನಚು ಮೊಣಕೈ ತೂರಿತು, ಅತ್ತಿಗೆಯದು. ಊರು ಬಿಟ್ಟು ಬಹುಕಾಲವಾಗಿದ್ದ ಫೀನ್, ಎಲ್ಲರೂ ಎಡಕ್ಕೆ ವಾಲಿದರೆ ಬಲಕ್ಕೆ ವಾಲಿದಳು. ಟ್ರೂಸ್ ನಗುತ್ತ, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ, ಅವಳನ್ನು ತನ್ನ ಕಡೆಗೆ ಎಳೆದುಕೊಂಡಳು.