ನಾತ ಹೋದ ಮೂರು ದಿನ

ಸೋಮವಾರ ಬೆಳಗ್ಗೆ ಮಂಜಮ್ಮ ರೇಷ್ಮೆ ನೂಲು ತೆಗೆಯುವ ಶೆಡ್ಡಿನೊಳಗೆ ಕಾಲಿಟ್ಟಾಗ ನಾತ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಬಾಗಿಲಲ್ಲೇ ಮುಖಕ್ಕೆ ಹೊಡೆಯುತ್ತಿದ್ದ, ಬೆಂದ ಗೂಡಿನೊಳಗಿನ ಸತ್ತ ಹುಳದ ನಾತ. ಮಡಕಶಿರದ ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟು ಹುಡುಕುವಂತೆ ಮಾಡುತ್ತಿದ್ದ ನಾತ.

"ನಿಂಗೂ ನಾತ ಬತ್ತಿಲ್ವಾ?" ಎಂದಳು ಪಕ್ಕದ ಬಿಸಿನೀರ ತೊಟ್ಟಿಯಲ್ಲಿ ಗೂಡಿನ ಎಳೆ ಬಿಡಿಸುತ್ತಿದ್ದ ಮೈಲಾರಮ್ಮ. "ನಂಗೆ ನಿನ್ನೆ ಸಂಜೆಯಿಂದ್ಲೇ ಇಲ್ಲ ಕಣೆ. ಸಾವ್ಕಾರ್ರು ಕೊನೆಗೂ ಮೋರಿಗೆ ಔಷ್ದಿ ಹಾಕ್ಸವ್ರೆ."

ಸಾವ್ಕಾರ ಸಿದ್ದರಾಮೇಶ್ ಒಳ್ಳೆಯವನು. ಕೊರೊನಾದ ಎರಡನೆಯ ಅಲೆ ಬಂದು ಊರು ಬಾಗಿಲು ಹಾಕಿದಾಗ ಶೆಡ್ಡಿನ ಆರು ಹೆಂಗಸರಿಗೂ ಮಾಸ್ಕು, ಅಕ್ಕಿ, ಬೇಳೆ ಕೊಟ್ಟಿದ್ದ. "ನಮ್ ಶೆಡ್ಡಲ್ಲಿ ಯಾರ್ಗೂ ಏನೂ ಇಲ್ಲ. ಆದ್ರೂ ನಾನಿದೀನಿ" ಎಂದು ದಿನಾ ಬೆಳಗ್ಗೆ ಹೇಳುತ್ತಿದ್ದ. ಆ ಮಾತನ್ನು ಮಂಜಮ್ಮ ಹಾಗೆಯೇ ಮನೆಗೆ ಒಯ್ದು, ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಜ್ಯೋತಿಗೆ ಹೇಳುತ್ತಿದ್ದಳು. ಎಂಟು ತಿಂಗಳ ಬಸುರಿಯ ಹೆದರಿಕೆ ಅದರಿಂದ ಇಳಿಯುತ್ತಿತ್ತು.

ವಾಸನೆ ಹೋಗುವುದು ರೋಗದ ಗುರುತೆಂದು ಅವರೂ ಕೇಳಿದ್ದರು. ಆದರೆ ಅದು ಕಾಫಿಯ, ಹೂವಿನ ವಾಸನೆ ಎಂದುಕೊಂಡಿದ್ದರು. ನಾತ ಹೋದರೆ ಒಳ್ಳೆಯದೇ ಅಲ್ಲವೆ?

ಆ ಸಂಜೆ ಮಂಜಮ್ಮ ಮೊದಲ ಸಲ ಹಿತ್ತಲಲ್ಲಿ ಮೀಯದೆ ನೇರ ಒಳಗೆ ಬಂದಳು. ಜ್ಯೋತಿ ಮೂಗು ಮುಚ್ಚಲಿಲ್ಲ. ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಚಿಕ್ಕವಳಿದ್ದಾಗಲೂ ಅವಳು ಹೀಗೆ ಮಲಗಿದ್ದಿಲ್ಲ. ಕಾಲು ಜೋಮು ಹಿಡಿದರೂ ಮಂಜಮ್ಮ ಅಲುಗಾಡಲಿಲ್ಲ.

ಬುಧವಾರ ಕದರಪ್ಪ ಬಂದ. ಸತ್ತ ಹುಳವನ್ನು ಕೋಳಿಮೇವಿಗೆಂದು ರೊಳ್ಳ ಊರಿನ ಕಡೆಗೆ ಒಯ್ಯುವವನು. ಹೊಸಿಲಲ್ಲೇ ನಿಂತು ಮಾಸ್ಕಿನ ಮೇಲೆ ಟವಲನ್ನೂ ಒತ್ತಿ ಹಿಡಿದ.

"ಏನ್ರಮ್ಮೋ, ಗೇಟತ್ರಾನೇ ಕರುಳು ಕಿತ್ತು ಬತ್ತೈತೆ. ಒಳಗೆ ಎಂಗ್ ಕೂತಿದೀರ?"

"ನಿನ್ ಮೀಸೆ ನಾತ ಇರ್ಬೇಕು, ನೋಡ್ಕೊ" ಎಂದು ಮೈಲಾರಮ್ಮ ನಕ್ಕಳು.

ಕದರಪ್ಪ ನಗಲಿಲ್ಲ. ಹೆಂಗಸರ ನಗೆಯೂ ಒಂದೊಂದಾಗಿ ನಿಂತಿತು. ರಾಟೆಗಳು ಮಾತ್ರ ತಿರುಗುತ್ತಲೇ ಇದ್ದವು. ಮೂಲೆಯ ಶಂಕ್ರಮ್ಮ ತೊಟ್ಟಿಯಿಂದ ಒಂದು ಹುಳ ಎತ್ತಿ, ಮಾಸ್ಕು ಸರಿಸಿ, ಮೂಗಿಗೆ ಹಿಡಿದಳು. ಪಕ್ಕದವಳ ಕೈಗೆ ಕೊಟ್ಟಳು. ಹುಳ ಕೈಯಿಂದ ಕೈಗೆ ದಾಟುತ್ತ ಆರನೆಯವಳವರೆಗೆ ಹೋಯಿತು. ಒಬ್ಬಳೂ ಮುಖ ಸಿಂಡರಿಸಲಿಲ್ಲ.

ಸಿದ್ದರಾಮೇಶ್ ಅಂಗಳದಾಚೆ ಬೇವಿನ ಕೆಳಗೆ ನಿಂತಿದ್ದ. ಸೋಮವಾರ ಮೆಟ್ಟಿಲ ಮೇಲಿದ್ದ, ನಿನ್ನೆ ಅಂಗಳದ ನಡುವೆ. ಅವನು ದಿನಕ್ಕಿಷ್ಟು ದೂರ ಸರಿದದ್ದು ಮಂಜಮ್ಮನಿಗೆ ಈಗ ಹೊಳೆಯಿತು.

"ಸಾವ್ಕಾರ್ರೇ, ಮೋರಿಗೆ ಔಷ್ದಿ ಹಾಕ್ಸಿದ್ರಾ?" ಕೂಗಿ ಕೇಳಿದಳು.

"ಹಾಕ್ಸಿದೀನಿ ಅಂತ ನಾನ್ಯಾವತ್ತಂದೆ ಮಂಜಮ್ಮ? ನೀವೇ ಅಂದ್ಕೊಂಡ್ರಿ." ಧ್ವನಿ ಎಂದಿನಷ್ಟೇ ಮೆತ್ತಗಿತ್ತು. "ಬೆಂದಿರೋ ಗೂಡು ಮುಗೀಲಿ. ಆಮೇಲೆ ಎಲ್ರಿಗೂ ಟೆಸ್ಟ್ ಮಾಡ್ಸಾನ. ನಾನಿದೀನಲ್ಲ."

ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಮತ್ತೆ ಎಳೆ ಹಿಡಿದರು.

"ಕೂತ್ಕೊಳೆ, ಅವ್ರಿದಾರಲ್ಲ" ಎಂದಳು ಮೈಲಾರಮ್ಮ, ಬಿಸಿನೀರಿನಿಂದ ಕಣ್ಣೆತ್ತದೆ.

ಮಂಜಮ್ಮನಿಗೆ ಮೂಗು ಮುಚ್ಚದೆ ತೊಡೆಯ ಮೇಲೆ ಮಲಗಿದ್ದ ಜ್ಯೋತಿಯ ತಲೆಯ ಭಾರ ನೆನಪಾಯಿತು. ಎದ್ದು ಓಡಿದಳು.

ಓಣಿಯ ತಿರುವಿನಿಂದಲೇ ತನ್ನ ಮನೆಯ ಬಾಗಿಲಲ್ಲಿ ಹೊಗೆ ಕಂಡಿತು. ಒಳಗೆ ಒಲೆಯ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಸೀದು ಇದ್ದಿಲಾಗಿತ್ತು. ಜ್ಯೋತಿ ಅದಕ್ಕೆ ಬೆನ್ನು ಮಾಡಿ ಕೂತು ಕಡಲೆಕಾಯಿ ಸುಲಿಯುತ್ತ, ಹೊಟ್ಟೆಯೊಳಗಿನ ಕೂಸಿಗೆ ಏನೋ ಗುನುಗುತ್ತಿದ್ದಳು.

ಮಂಜಮ್ಮ ಒಲೆ ಆರಿಸಿದಳು. "ಏಳು, ಆಸ್ಪತ್ರೆಗೆ ಹೋಗಾನ."

"ಯಾಕಮ್ಮ? ಶೆಡ್ಡಲ್ಲಿ ಯಾರ್ಗೂ ಏನೂ ಇಲ್ಲ ಅಂತ ನೀನೇ ಹೇಳ್ದಲ್ಲ."

"ಹೇಳ್ದೆ" ಎಂದಳು ಮಂಜಮ್ಮ. "ಗೊತ್ತಿಲ್ದೆ ಹೇಳ್ದೆ. ಏಳು."