ಬಿಟ್ಟುಹೋದ ಒಂದು ತಂತಿ

ರಿಪೇರಿಯವನು ಒಮ್ಮೆ ಕೆಮ್ಮಿದರೆ ಸಾಕು, ಸತ್ತ ರೇಡಿಯೋ ಎದ್ದು ಕೂತು ವಾರ್ತೆ ಓದುತ್ತಿತ್ತು. ಅವನ ಅಂಗಡಿಯ ಮುಂದೆ ಹಾದುಹೋದ ಕೆಟ್ಟ ಗಡಿಯಾರಗಳು ನಾಚಿಕೊಂಡು ಸರಿಯಾದ ಸಮಯ ತೋರಿಸುತ್ತಿದ್ದವು. ಅಂಥ ಭೂಪನಿಗೆ ಅಣ್ಣ ಸತ್ತ ದಿನದಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಊರೆಲ್ಲ ಅತ್ತು ಚರಂಡಿಗಳು ಉಕ್ಕಿದ್ದವು; ಇವನು ಮಾತ್ರ ಶವದ ಪಕ್ಕದ ಫ್ಯಾನು ಕಿರುಗುಟ್ಟುತ್ತಿದೆಯೆಂದು ಅದಕ್ಕೆ ಎಣ್ಣೆ ಬಿಟ್ಟು ಬಂದಿದ್ದ.

ಅತ್ತಿಗೆ ಮಕ್ಕಳಿಗೆ ನೃತ್ಯ ಕಲಿಸುವವಳು. ಪಾಠಕ್ಕೆ ಕರೆಂಟಿನ ಆರ್ಗನ್ ನುಡಿಸುತ್ತಿದ್ದವನು ಅಣ್ಣನೇ. ಅವನು ಸಣ್ಣ ಕೀಬೋರ್ಡಿನಲ್ಲಿ ನುಡಿಸಿಟ್ಟ ರಾಗಗಳು ಕಂಪ್ಯೂಟರಿನಲ್ಲಿ ಮಿಡಿ ಫೈಲುಗಳಾಗಿ ಉಳಿದಿದ್ದವು: ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಎಂಬ ಬರೀ ಅಪ್ಪಣೆಗಳು. ಆದರೆ ಆ ಮುದಿ ಆರ್ಗನ್ನಿಗೆ ಬೆರಳಿನ ಭಾಷೆ ಬಿಟ್ಟು ಬೇರೇನೂ ತಿಳಿಯದು.

"ಅವರು ನುಡಿಸಿದ್ದನ್ನ ಇದರಲ್ಲೇ ಕೇಳಿಸು. ಇಲ್ಲಾಂದ್ರೆ ನಾನು ಪಾಠ ನಿಲ್ಲಿಸ್ಬಿಡ್ತೀನಿ" ಎಂದಿದ್ದಳು ಅತ್ತಿಗೆ.

ಅವನು ಆರ್ಗನ್ನಿನ ಹೊಟ್ಟೆ ಬಿಚ್ಚಿದ. ಪ್ರತಿ ಕೀಯ ಅಡಿಯಲ್ಲೂ ಸ್ವಿಚ್ಚಿನ ಕೆಲಸ ಮಾಡುವ ಒಂದು ಎಲೆಕ್ಟ್ರಾನಿಕ್ ಚಿಪ್ಪಿನ ಎರಡು ಕಾಲು ಬೆಸೆದು, ಮೂರನೆಯ ಕಾಲಿಗೆ ಕಂಪ್ಯೂಟರ್ ಕಡೆಯ ತಂತಿ ಕೊಟ್ಟ. ಅಪ್ಪಣೆ ಬಂದೊಡನೆ ಚಿಪ್ಪು ಎರಡು ಕಾಲನ್ನೂ ಕೂಡಿಸುತ್ತದೆ. ಯಾರೋ ಕೀ ಒತ್ತಿದರೆಂದು ನಂಬಿ ಆರ್ಗನ್ನು ಹಾಡುತ್ತದೆ. ಅಷ್ಟೂ ತಂತಿ ಬಿಡಿಸಿ ಎಳೆದಿದ್ದರೆ ಚಂದ್ರನ ಕುತ್ತಿಗೆಗೆ ಎರಡು ಸುತ್ತು ಹಾಕಬಹುದಿತ್ತು. ನಡುವೆ ಹೆಬ್ಬೆರಳು ಸುಟ್ಟದ್ದು ಅವನಿಗೆ ವಾಸನೆಯಿಂದಷ್ಟೇ ತಿಳಿಯಿತು.

ಅಣ್ಣನ ರಾಗ ಹೊರಟಿತು. ಒಂದು ಸ್ವರ ಬರಬೇಕಾದಲ್ಲೆಲ್ಲ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ರಾಗ ಮುಗಿದ ಮೇಲೆ ಅತ್ತಿಗೆ ಟೀ ಲೋಟ ಹಿಡಿದು ಹತ್ತಿರ ಬಂದದ್ದೇ ತಡ, ಅದೇ ಸ್ವರ ತಾನಾಗಿ ಮೊಳಗಿತು. ಹಿಂದೆ ಸರಿದಳು, ನಿಂತಿತು. ಮುಂದೆ ಬಂದಳು, ಮತ್ತೆ ಬಂತು.

"ಯಾರಪ್ಪಾ ಇದು?"

"ಯಾರೂ ಇಲ್ಲ ಅತ್ತಿಗೆ. ಒಂದು ಚಿಪ್ಪಿನ ಮೂರನೇ ಕಾಲಿಗೆ ತಂತಿ ಹಾಕೋದು ಮರೆತೆ. ಅಪ್ಪಣೆ ಕೊಡೋರಿಲ್ಲದ ಚಿಪ್ಪು, ಹತ್ರ ಬಂದೋರಿಗೆಲ್ಲ ಹೂಂ ಅಂತಿದೆ."

"ಅಯ್ಯೋ! ಬದುಕಿದ್ದಾಗ ನಾನು ಹತ್ರ ಹೋದ್ರೆ ನಿಮ್ಮಣ್ಣ ಕತ್ತೆತ್ತಿ ನೋಡಿದ್ದೂ ಇಲ್ಲ. ಈಗ ನೋಡು ಸಂಭ್ರಮ!" ನಗುನಗುತ್ತಲೇ ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಸರಿ ಮಾಡಿಬಿಡು ಮೈದುನರಾಯ. ಮಕ್ಕಳು ಕುಣಿಯೋವಾಗ ಹೀಗೆ ಊಳಿಟ್ರೆ ಹೆಜ್ಜೆ ತಪ್ಪುತ್ತೆ."

ಅವನು ಸೋಲ್ಡರಿಂಗ್ ಐರನ್ ಹಿಡಿದು ಬಗ್ಗಿದ. ಸ್ವರ ಬಂತು. ಕೈ ತೆಗೆದ, ಹೋಯಿತು. ಕಣ್ಣು ಮುಚ್ಚಿಕೊಂಡು, ಮಲಗಿಕೊಂಡು, ಬೇಕಾದರೆ ಸತ್ತುಕೊಂಡೂ ಹಾಕಬಲ್ಲ ಬೆಸುಗೆ ಅದು. ಹಾಕಲಿಲ್ಲ. ಪೆಟ್ಟಿಗೆಯಿಂದ ಒಂದು ಪುಟ್ಟ ಸ್ವಿಚ್ಚು ತೆಗೆದು ಆರ್ಗನ್ನಿನ ಪಕ್ಕಕ್ಕೆ ಕೂರಿಸಿದ. ಒಂದು ಕಡೆ ಒತ್ತಿದರೆ ಬಿಟ್ಟುಹೋದ ತಂತಿ ಆ ಕಾಲಿಗೆ ಸೇರುತ್ತಿತ್ತು; ಇನ್ನೊಂದು ಕಡೆ ಏನೂ ಇರಲಿಲ್ಲ.

"ಇದೇನು?"

"ಪಾಠದ ಹೊತ್ತಿಗೆ ಕೆಳಗೆ ಮಾಡಿ. ಎಲ್ಲಾ ಸರಿಯಾಗಿ ಬರುತ್ತೆ."

"ಮೇಲೆ ಮಾಡಿದ್ರೆ?"

"ರಿಪೇರಿ ಆಗಿಲ್ಲ ಅಂತ."

ಅತ್ತಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ಪಕ್ಕದ ಕೋಣೆಗೆ ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸತೊಡಗಿದಳು.

ಅವನು ಸ್ವಿಚ್ಚನ್ನು ಮೇಲೆ ಮಾಡಿ ಕೈ ಹತ್ತಿರ ತಂದ. ಸ್ವರ ಬಂತು. ಎದೆಯೊಳಗೆ ಏನಾದರೂ ಆದೀತೇ ಎಂದು ಕಾದ. ಆಗಲಿಲ್ಲ. ಆದರೂ ಕೈ ತೆಗೆಯಲಿಲ್ಲ.

"ಮೈದುನರಾಯಾ, ಶುರು ಮಾಡ್ತೀವಿ!"

ಸ್ವಿಚ್ಚು ಕೆಳಗೆ ಮಾಡಿ, ಕಂಪ್ಯೂಟರಿನಲ್ಲಿ ರಾಗ ಹಾಕಿದ. ಅಣ್ಣ ನುಡಿಸತೊಡಗಿದ, ಒಂದು ಸ್ವರವೂ ಬಿಡದೆ. ಗೋಡೆಯಾಚೆ ಪುಟ್ಟ ಪಾದಗಳು ನೆಲ ಬಡಿದವು. ರಿಪೇರಿಯವನು ಸುಟ್ಟ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡ. ಈಗ ಉರಿಯುತ್ತಿತ್ತು.